ಚಿಗರಿ ದಾಟುವ ರಸ್ತೆ

ಸವದತ್ತಿ ದಾಟಿ ನರಗುಂದ, ನವಲಗುಂದ, ರೋಣದ ಕಡೆ ಹೊರಟರೆ ಎರಿ ಹೊಲಗಳು ಕಣ್ಣು ಹಾಯಿಸಿದಷ್ಟು ದೂರ ಬಯಲಾಗಿ ಬಿದ್ದಿರುತ್ತವೆ. ಹಿಂಗಾರಿಯ ಕಡಲೆ, ಕುಸುಬಿ ಮೊಳಕೆಯೊಡೆಯುವ ಹೊತ್ತಿಗೆ ಅಲ್ಲಿ ಚಿಗರಿ ಹಿಂಡು ಇಳಿಯುತ್ತದೆ. ಕುಡಿ ಮೇಯ್ದು ಹೋದರೆ ರೈತ ಮತ್ತೆ ಬಿತ್ತಬೇಕು. ಬೆಳೆಹಾನಿಯ ಈ ದೂರು ಹಳೆಯದು. ರಸ್ತೆಯ ಅಪಾಯವನ್ನು ಮಾತ್ರ ನಾವು ಯಾರಾದರೂ ಬೈಕಿನಿಂದ ಬಿದ್ದ ದಿನ ಮಾತಾಡಿ ಮರೆಯುತ್ತೇವೆ.

ಚಿಗರಿಯೆಂದರೆ ಬಯಲನ್ನೇ ನಂಬಿದ ಕೃಷ್ಣಮೃಗ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದರ ಬೇಟೆಗೆ ತಡೆ ಹಾಕಿತು. 1974ರಲ್ಲಿ ರಾಣೆಬೆನ್ನೂರಿನಲ್ಲಿ ಅದಕ್ಕೆಂದೇ 119 ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು. ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ನೀರು ಕಾಲುವೆಗಿಳಿದ ಮೇಲೆ ಒಣ ಬಯಲಿನಲ್ಲಿ ಹಸಿರು ಹೆಚ್ಚು ದಿನ ಉಳಿಯಿತು. ಗರ್ಭ ಧರಿಸಿದ ಹೆಣ್ಣು ಚಿಗರಿ ಸುಮಾರು ಆರು ತಿಂಗಳಿಗೆ ಮರಿ ಹಾಕುತ್ತದೆ. ಮೇವು ಹೆಚ್ಚಿತು, ಕೊಲ್ಲುವವರು ಕಡಿಮೆಯಾದರು. ಚೀತಾ ಮೊದಲೇ ಅಳಿದಿತ್ತು, ತೋಳ ವಿರಳವಾಯಿತು. ಹೀಗೆ ಹಿಂಡು ಬೆಳೆಯಿತು.

ರಸ್ತೆಯ ಲೆಕ್ಕ ಇನ್ನೂ ಸರಳ. ಗಂಟೆಗೆ 80 ಕಿ.ಮೀ. ವೇಗದ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಚಾಲಕ ಕಂಡು, ಬ್ರೇಕ್ ಒತ್ತಿ, ಗಾಡಿ ನಿಲ್ಲುವಷ್ಟರಲ್ಲಿ ಒಣ ರಸ್ತೆಯಲ್ಲೂ ಸುಮಾರು 70 ಮೀಟರ್ ಹೋಗಿರುತ್ತದೆ. ತಗ್ಗಿಸಿದ ಹೆಡ್‌ಲೈಟಿನ ಬೆಳಕು ಐವತ್ತು ಮೀಟರಿನ ಆಸುಪಾಸಿನಲ್ಲೇ ಮಂಕಾಗುತ್ತದೆ. ಅಂದರೆ ಕಂಡ ಮೇಲೆ ನಿಲ್ಲಿಸಲು ಜಾಗವೇ ಇಲ್ಲ. ವೇಗ 50 ಆದರೆ 35 ಮೀಟರ್ ಸಾಕು. ಕಣ್ಣು ಕೋರೈಸಿದ ಚಿಗರಿ ಒಮ್ಮೊಮ್ಮೆ ನಿಂತಲ್ಲೇ ನಿಲ್ಲುತ್ತದೆ. ಒಂದು ದಾಟಿದರೆ ಹಿಂಡು ಅದರ ಬೆನ್ನು ಹತ್ತುತ್ತದೆ. ಮೊದಲನೆಯದು ಹೋಯಿತೆಂದು ವೇಗ ಹೆಚ್ಚಿಸಿದವನಿಗೆ ಎರಡನೆಯದು ಎದುರಾಗುತ್ತದೆ.

ವಿರಳವಾದ ತೋಳ ಮರಳಿದರೆ? ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ತೋಳಗಳು ಮರಳಿ ನೆಲೆಸಿದ ಕೌಂಟಿಗಳಲ್ಲಿ ಜಿಂಕೆ ಮತ್ತು ವಾಹನಗಳ ಡಿಕ್ಕಿ ಸುಮಾರು ಶೇ 24ರಷ್ಟು ಇಳಿದಿತ್ತು. ತೋಳಗಳು ತಿಂದ ಜಿಂಕೆಗಳಿಗಿಂತ ಅವು ಹುಟ್ಟಿಸಿದ ಅಂಜಿಕೆಯೇ ಇದಕ್ಕೆ ಹೆಚ್ಚು ಕಾರಣ: ತೋಳ ರಸ್ತೆಯಂಥ ತೆರೆದ ದಾರಿಗಳಲ್ಲಿ ಓಡಾಡುತ್ತದೆ, ಜಿಂಕೆ ಆ ದಾರಿಯಿಂದ ದೂರ ಉಳಿಯುತ್ತದೆ. ಅಲ್ಲಿಯದು ಕಾಡು, ನಮ್ಮದು ಬಯಲು. ಆ ಅಂಕಿಯನ್ನು ಇಲ್ಲಿಗೆ ತಂದು ಕೂರಿಸಲಾಗದು. ಆದರೂ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಕ್ಕೆ ಅಭಯಾರಣ್ಯ ಮಾಡಿದ್ದು ನನಗೆ ಸರಿಯೆನಿಸುತ್ತದೆ. ಕುರಿ ಕಳೆದುಕೊಂಡವರ ಕೈಗೆ ಪರಿಹಾರ ತಡವಿಲ್ಲದೆ ಸೇರಿದರೆ ಮಾತ್ರ ತೋಳ ಉಳಿದೀತು.

ಚಿಗರಿಗಳನ್ನು ಹಿಡಿದು ಬೇರೆಡೆ ಬಿಡುವ ದಾರಿಯೂ ಇದೆ. ಮಧ್ಯಪ್ರದೇಶ 2025ರಲ್ಲಿ ಹೆಲಿಕಾಪ್ಟರ್ ನೆರವಿನಿಂದ 800ಕ್ಕೂ ಹೆಚ್ಚು ಕೃಷ್ಣಮೃಗಗಳನ್ನು ಸಾಗಿಸಿತು. ಅದು ದುಬಾರಿ ಕೆಲಸ. ಹಿಡಿಯುವಾಗಿನ ಗಾಬರಿಗೇ ಸ್ನಾಯು ಕುಸಿದು ಸಾಯುವ ಪ್ರಾಣಿಯಿದು. ಮೇವು ಇದ್ದಲ್ಲಿ ಉಳಿದವು ಮತ್ತೆ ಹೆಚ್ಚುತ್ತವೆ. ರಸ್ತೆಯ ಎರಡೂ ಬದಿಗೆ ಬೇಲಿ ಕಟ್ಟಿದರೆ ಹಿಂಡು ನಡುವೆ ಸಿಕ್ಕಿಬೀಳುತ್ತದೆ.

ಹಾಗಾಗಿ ನಾಳೆಯೇ ಆಗಬಹುದಾದ ಕೆಲಸದಿಂದ ಶುರು ಮಾಡೋಣ. ಹಿಂಡು ದಾಟುವ ಜಾಗಗಳು ಊರಿನ ಕುರಿಗಾಹಿಗಳಿಗೆ ಗೊತ್ತು. ಅವರನ್ನು ಕೇಳಿ ಲೋಕೋಪಯೋಗಿ ಇಲಾಖೆ ಅಲ್ಲಿ ನೋಟಕ್ಕೆ ಅಡ್ಡವಾದ ಬಳ್ಳಾರಿ ಜಾಲಿ ಸವರಿಸಲಿ, ವೇಗಮಿತಿ ಹಾಕಲಿ. ಬನದ ಹುಣ್ಣಿಮೆಗೆ ಬೈಲಹೊಂಗಲ, ರಾಮದುರ್ಗದಿಂದ ಎಲ್ಲಮ್ಮನ ಗುಡ್ಡಕ್ಕೆ ರಾತ್ರಿ ಹೊರಡುವವರೇ, ಎರಿ ಬಯಲಿನಲ್ಲಿ 50 ದಾಟಬೇಡಿ. ಒಂದು ಚಿಗರಿ ಕಂಡರೆ ನಿಲ್ಲಿಸಿ, ಹಿಂದಿನವು ದಾಟಲಿ.