ತಲೆದಿಂಬಿನ ಬಳಿಯ ಗಡಿಯಾರ ರೇಡಿಯೊ

ಗಡಿಯಾರವೂ ರೇಡಿಯೊವೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಕೊಂಡಿರುವ ಉಪಕರಣವೊಂದು ಕಾಸರಗೋಡಿನ ಅನೇಕ ಮನೆಗಳಲ್ಲಿದೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಬಂಧುಗಳು ರಜೆಗೆ ಬರುವಾಗ ಹೊತ್ತು ತಂದ ವಸ್ತುಗಳಲ್ಲಿ ಅದೂ ಸೇರಿರುತ್ತದೆ. ‘ಗಳಿಗೆ’ ಎಂಬುದು ‘ಘಟಿಕಾ’ ಶಬ್ದದ ತದ್ಭವವೆಂದು ನಮ್ಮ ವಿದ್ಯಾರ್ಥಿಗಳು ಬಲ್ಲರು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟರೆ ಅದು ತುಂಬಿ ಮುಳುಗಲು ಹಿಡಿಯುವ 24 ನಿಮಿಷಗಳೇ ಒಂದು ಗಳಿಗೆ. ಆ ಬಟ್ಟಲನ್ನು ಕಾಯಲು ಒಬ್ಬನು ಎಚ್ಚರವಾಗಿರಲೇಬೇಕಿತ್ತು. ಇಂದಿನ ಪೆಟ್ಟಿಗೆಯನ್ನು ಯಾರೂ ಕಾಯುವುದಿಲ್ಲ. ಮನೆಮಂದಿಯೆಲ್ಲ ಮಲಗಿರುವಾಗ ಅದರೊಳಗೆ ವಿದ್ಯುತ್ತು ಹರಿಯುತ್ತಲೇ ಇರುತ್ತದೆ, ಅದೂ ನಮ್ಮ ತಲೆಯಿಂದ ಒಂದು ಮೊಳ ದೂರದಲ್ಲಿ. ಆದುದರಿಂದ ಅದನ್ನು ಹೊಂದಿಸುವಾಗ ಹಗಲಿನಲ್ಲಿ ಬಳಸುವ ಉಪಕರಣಗಳಿಗಿಂತ ತುಸು ಹೆಚ್ಚಿನ ಎಚ್ಚರ ಬೇಕು.

ಮೊದಲು ಪೆಟ್ಟಿಗೆಯನ್ನು ತಿರುಗಿಸಿ, ಹಿಂಬದಿಯ ಅಥವಾ ಅಡಿಯ ಚೀಟಿಯನ್ನು ಓದಬೇಕು. ನಮ್ಮಲ್ಲಿ ಮನೆಗೆ ಬರುವ ವಿದ್ಯುತ್ತು 230 ವೋಲ್ಟಿನದು. ಅದರ ಆವರ್ತನ ಸೆಕೆಂಡಿಗೆ 50, ಅಂದರೆ 50 ಹರ್ಟ್ಝ್. ಚೀಟಿಯಲ್ಲಿ 220–240 ವೋಲ್ಟ್ ಎಂದಿದ್ದರೆ ಆ ಮಟ್ಟಿಗೆ ಚಿಂತೆಯಿಲ್ಲ. ಅಮೆರಿಕದಿಂದ ಬಂದ 120 ವೋಲ್ಟಿನ ಪೆಟ್ಟಿಗೆಯನ್ನು ನೇರವಾಗಿ ನಮ್ಮ ಗೋಡೆಗೆ ಸಿಕ್ಕಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ಬೆಂಕಿಯೂ ಹತ್ತಬಹುದು. ವೋಲ್ಟೇಜಿನ ಜತೆಗೆ ಆವರ್ತನವನ್ನೂ ನೋಡಿರಿ. ಸೌದಿ ಅರೇಬಿಯದಲ್ಲಿ ಅದು 60 ಹರ್ಟ್ಝ್, ದುಬೈಯಲ್ಲಿ ನಮ್ಮಂತೆಯೇ 50. ಕೆಂಪು ಅಂಕಿಗಳು ಹೊಳೆಯುವ ಹಳೆಯ ಮಾದರಿಯ ಅನೇಕ ಗಡಿಯಾರಗಳು ವಿದ್ಯುತ್ತಿನ ಆವರ್ತಗಳನ್ನೇ ಎಣಿಸಿ ಕಾಲವನ್ನು ಅಳೆಯುತ್ತವೆ. 60 ಆವರ್ತಗಳಿಗೆ ಒಂದು ಸೆಕೆಂಡು ಎಂದು ಎಣಿಸಲು ಕಲಿತ ಗಡಿಯಾರಕ್ಕೆ ಇಲ್ಲಿ 50 ಮಾತ್ರ ದೊರೆತರೆ, ನಿಜವಾದ ಒಂದು ಗಂಟೆಯಲ್ಲಿ ಅದು 50 ನಿಮಿಷವಷ್ಟೇ ಸಾಗುತ್ತದೆ. ರಾತ್ರಿ 10ಕ್ಕೆ ಸಮಯ ಹೊಂದಿಸಿ, ಪರೀಕ್ಷೆಯ ದಿನ 5ಕ್ಕೆ ಎಬ್ಬಿಸೆಂದು ಹೇಳಿ ಮಲಗಿದವನನ್ನು ಅದು ಎಬ್ಬಿಸುವುದು 6 ಗಂಟೆ 24 ನಿಮಿಷಕ್ಕೆ! ಕೆಲವು ಪೆಟ್ಟಿಗೆಗಳ ಹಿಂದೆ 50–60 ಎಂಬ ಸಣ್ಣ ಗುಂಡಿ ಇರುತ್ತದೆ. ಅದನ್ನು 50ಕ್ಕೆ ಸರಿಸಿದರೆ ಸಾಕು. ಕ್ವಾರ್ಟ್ಜ್ ಹರಳಿನಿಂದ ನಡೆಯುವ ಗಡಿಯಾರಕ್ಕೆ ಈ ತೊಂದರೆಯಿಲ್ಲ.

ಕೊಲ್ಲಿಯಿಂದ ಬಂದ ತಂತಿಯ ತುದಿಯಲ್ಲಿ ಸಾಮಾನ್ಯವಾಗಿ ಚಪ್ಪಟೆ ಕಡ್ಡಿಗಳ ಪ್ಲಗ್ ಇರುತ್ತದೆ. ನಮ್ಮ ಸಾಕೆಟಿನ ತೂತುಗಳು ದುಂಡು. ನಡುವೆ ಹಾಕುವ ಅಗ್ಗದ ಕನ್ವರ್ಟರ್ ಪ್ಲಗ್ ಕಡ್ಡಿಯ ಆಕಾರವನ್ನು ಮಾತ್ರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಹೆಸರಿನಲ್ಲಿ ‘ಕನ್ವರ್ಟರ್’ ಎಂದಿರುವುದರಿಂದ ಹಲವರು ಮೋಸಹೋಗುತ್ತಾರೆ. ಅದು ಸಡಿಲವಾಗಿ ಕುಳಿತರೆ ಸಂಪರ್ಕದ ಜಾಗ ಬಿಸಿಯಾಗಿ ಕಿಡಿ ಹಾರುತ್ತದೆ. ಐ.ಎಸ್. 1293 ಎಂಬ ಭಾರತೀಯ ಮಾನಕಕ್ಕೆ ಹೊಂದುವ, ಐ.ಎಸ್.ಐ. ಗುರುತುಳ್ಳ ಪ್ಲಗ್ಗನ್ನು ಬಲ್ಲ ಎಲೆಕ್ಟ್ರಿಷಿಯನ್ನನಿಂದ ಹಾಕಿಸಿಕೊಳ್ಳುವುದೇ ಲೇಸು. ಚೀಟಿಯಲ್ಲಿ ಒಂದರೊಳಗೊಂದು ಎರಡು ಚೌಕಗಳ ಚಿಹ್ನೆಯಿದ್ದರೆ ಆ ಉಪಕರಣಕ್ಕೆ ಇಮ್ಮಡಿ ನಿರೋಧಕ ಹೊದಿಕೆಯಿದೆಯೆಂದು ಅರ್ಥ; ಅದಕ್ಕೆ ಎರಡು ಕಡ್ಡಿಯ ಪ್ಲಗ್ ಸಾಲುತ್ತದೆ.

ಇಡುವ ಜಾಗದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಗಟ್ಟಿಯಾದ ಹಲಗೆಯ ಮೇಲಿರಲಿ; ದಿಂಬಿನ ಮೇಲೆ, ಹಾಸಿಗೆಯ ಮೇಲೆ ಬೇಡ. ಗಾಳಿಯಾಡುವ ರಂಧ್ರಗಳ ಮೇಲೆ ಬಟ್ಟೆ ಬೀಳಬಾರದು. ಅಂಕಿಗಳ ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಟವೆಲು ಹೊದಿಸುವವರಿದ್ದಾರೆ. ಬೆಳಕನ್ನು ಕುಗ್ಗಿಸುವ ‘ಡಿಮ್ಮರ್’ ಗುಂಡಿ ಇರುವುದು ಅದಕ್ಕಾಗಿಯೇ. ನೀರಿನ ಚೊಂಬು ಅದರ ಪಕ್ಕದಲ್ಲಿ ಬೇಡ. ತಂತಿ ಮಂಚದ ಕಾಲಿನಡಿ ಸಿಕ್ಕಿ ಜಜ್ಜಿಹೋಗದಂತೆಯೂ ನೋಡಿಕೊಳ್ಳಬೇಕು.

ಸಮಯ ಹೊಂದಿಸುವಾಗ ‘ಟೈಮ್’ ಗುಂಡಿಯನ್ನು ಒತ್ತಿಹಿಡಿದು ಗಂಟೆ, ನಿಮಿಷಗಳನ್ನು ಮುಂದೂಡುವುದು ಸಾಮಾನ್ಯ ಕ್ರಮ. 12 ಗಂಟೆಯ ಗಡಿಯಾರದಲ್ಲಿ ಅಂಕಿಗಳ ಮೂಲೆಯ ಪುಟ್ಟ ಚುಕ್ಕಿಯೊಂದೇ ಹಗಲು–ರಾತ್ರಿಗಳನ್ನು ಬೇರ್ಪಡಿಸುತ್ತದೆ. ಅದನ್ನು ಗಮನಿಸದಿದ್ದರೆ ಬೆಳಗಿನ 5ಕ್ಕೆ ಕೂಗಬೇಕಾದುದು ಸಂಜೆಯ 5ಕ್ಕೆ ಕೂಗುತ್ತದೆ. ಎಚ್ಚರಿಸಲು ರೇಡಿಯೊ ಬೇಕೋ ಬಜರ್ ಬೇಕೋ ಎಂಬ ಆಯ್ಕೆಯೂ ಇದೆ. ಬಹುತೇಕ ಆಕಾಶವಾಣಿ ನಿಲಯಗಳ ಮೊದಲ ಸಭೆ ಆರು ಗಂಟೆಯ ಆಸುಪಾಸಿನಲ್ಲಿ ಆರಂಭವಾಗುತ್ತದೆ. ನಾಲ್ಕೂವರೆಗೆ ಏಳಬೇಕಾದವರು ರೇಡಿಯೊವನ್ನು ನೆಚ್ಚಿದರೆ ಬರಿಯ ಸೂಸು ಸದ್ದು ಕೇಳಬೇಕಾದೀತು. ಅಂಥ ದಿನಗಳಿಗೆ ಬಜರ್ ಉತ್ತಮ.

ಕರೆಂಟು ಹೋದರೆ ಗಡಿಯಾರ ಸಮಯವನ್ನು ಮರೆತು 12:00 ಎಂದು ಮಿನುಗತೊಡಗುತ್ತದೆ. ಇದನ್ನು ತಡೆಯಲು ಒಳಗೊಂದು ಸಣ್ಣ ಬ್ಯಾಟರಿ ಹಾಕುವ ಏರ್ಪಾಡಿದೆ. ಎಷ್ಟೋ ಮನೆಗಳಲ್ಲಿ ಆ ಕುಳಿ ಖಾಲಿಯೇ ಇರುತ್ತದೆ. ಬ್ಯಾಟರಿಯಿದ್ದರೂ ಕೆಲವು ಮಾದರಿಗಳಲ್ಲಿ ಅದು ಎಣಿಕೆಯನ್ನಷ್ಟೇ ಉಳಿಸುತ್ತದೆ. ಅಂಕಿಯೂ ಕಾಣದು, ಸದ್ದೂ ಬಾರದು. ಪ್ಲಗ್ಗನ್ನು ಕಿತ್ತು ಹಗಲಿನಲ್ಲೇ ಒಮ್ಮೆ ಪರೀಕ್ಷಿಸಿ ನೋಡಿರಿ. ಅದು ನಾಣ್ಯದಾಕಾರದ ಬಟನ್ ಬ್ಯಾಟರಿಯಾಗಿದ್ದರೆ ಎಳೆಯ ಮಕ್ಕಳಿರುವ ಮನೆಯಲ್ಲಿ ಅದರ ಮುಚ್ಚಳಕ್ಕೆ ತಿರುಪು ಬಿಗಿಯಾಗಿರಲೇಬೇಕು. ಮಗು ಅದನ್ನು ನುಂಗಿ, ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಒಳಗೆ ತೀವ್ರವಾದ ಸುಟ್ಟಗಾಯವಾಗಬಹುದು. ಸಂಶಯ ಬಂದ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಬೆಳಗಾಗಲಿ ಎಂದು ಕಾಯಬಾರದು.

ಇನ್ನು ನಿಲಯವನ್ನು ಹಿಡಿಯುವ ಕೆಲಸ. ಮಂಗಳೂರು ಆಕಾಶವಾಣಿ 100.3 ಮೆಗಾಹರ್ಟ್ಝ್‌ನಲ್ಲಿದೆ, ಕಣ್ಣೂರು 101.5ರಲ್ಲಿ. ಮುಳ್ಳು ತಿರುಗಿಸುವ ಪೆಟ್ಟಿಗೆಯಲ್ಲಿ ಇವೆರಡರ ನಡುವಿನ ಅಂತರ ಅಕ್ಕಿಕಾಳಿನಷ್ಟು. ಕೈ ತುಸು ಜಾರಿದರೆ ಕನ್ನಡದ ವಾರ್ತೆಗೆ ಏಳಬೇಕೆಂದವರು ಮಲಯಾಳದ ವಾರ್ತೆಗೆ ಏಳುತ್ತಾರೆ, ಎರಡೂ ಬಲ್ಲ ನಮ್ಮವರಿಗೆ ಅದೇನು ನಷ್ಟವಲ್ಲವೆನ್ನಿ. ಎಫ್.ಎಂ. ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುವುದರಿಂದ ಮುರಕಲ್ಲಿನ ಗುಡ್ಡದ ತಪ್ಪಲಿನ ಮನೆಗಳಲ್ಲಿ ಸದ್ದು ಕುಂದುತ್ತದೆ. ಪೆಟ್ಟಿಗೆಯ ಹಿಂದೆ ಜೋತಾಡುವ ತೆಳು ತಂತಿ ಕಸವಲ್ಲ, ಅದೇ ಆಂಟೆನಾ. 100.3ರ ಅಲೆಯ ಉದ್ದ ಸುಮಾರು 3 ಮೀಟರು, ಅದರ ಕಾಲುಭಾಗ 75 ಸೆಂಟಿಮೀಟರು. ತಂತಿಯನ್ನು ಸುತ್ತಿಡದೆ ಗೋಡೆಯುದ್ದಕ್ಕೆ ನೀಳವಾಗಿ ಬಿಡಬೇಕು. ವಿದ್ಯುತ್ ತಂತಿಯೊಡನೆ ಹೆಣೆಯಬಾರದು. ಮೀಡಿಯಂ ವೇವ್ ಆದರೆ ಆಂಟೆನಾ ಪೆಟ್ಟಿಗೆಯೊಳಗೇ ಇರುತ್ತದೆ. ಪೆಟ್ಟಿಗೆಯನ್ನೇ ಮೆಲ್ಲನೆ ತಿರುಗಿಸಿದರೆ ಧ್ವನಿ ತಿಳಿಯಾಗುತ್ತದೆ. ಅಲ್ಲಿಯೂ ಗರಗರ ಸದ್ದು ಉಳಿದರೆ ಪಕ್ಕದ ಮೊಬೈಲ್ ಚಾರ್ಜರನ್ನು ಕಿತ್ತು ನೋಡಿರಿ.

ಸದ್ದು ಹೆಚ್ಚಲೆಂದು ಆ ತೆಳು ತಂತಿಗೆ ಇನ್ನೊಂದನ್ನು ಗಂಟುಹಾಕಿ ಕಿಟಕಿಯಾಚೆಯ ತೆಂಗಿನ ಮರಕ್ಕೋ ಮಾಡಿನ ಕಬ್ಬಿಣಕ್ಕೋ ಕಟ್ಟುವ ರೂಢಿ ಕೆಲವೆಡೆ ಇದೆ. ಇದು ಸಿಡಿಲನ್ನು ಮಂಚದ ಬಳಿಗೆ ಕರೆದಂತೆ. ನಮ್ಮಲ್ಲಿ ಏಪ್ರಿಲ್–ಮೇ ತಿಂಗಳಲ್ಲೂ ಮತ್ತೆ ಅಕ್ಟೋಬರ್–ನವೆಂಬರಿನ ಸಂಜೆಗಳಲ್ಲೂ ಗುಡುಗು ಜೋರು. ಮೊದಲ ಗುಡುಗು ದೂರದಲ್ಲಿ ಕೇಳಿಸಿದಾಗಲೇ ಪ್ಲಗ್ಗನ್ನು ಕಿತ್ತಿಡಬೇಕು. ಸ್ವಿಚ್ಚು ಆರಿಸಿದರೆ ಸಾಲದು. ಸಿಡಿಲು ತಲೆಯ ಮೇಲೆ ಬಂದ ಬಳಿಕವಾದರೆ ಪ್ಲಗ್ಗನ್ನೂ ಮುಟ್ಟದೆ ದೂರವಿರುವುದೇ ಸರಿ. ಒಳಗಿನ ಬ್ಯಾಟರಿ ಸರಿಯಾಗಿದ್ದರೆ ಮಳೆ ನಿಂತ ಮೇಲೆ ಮತ್ತೆ ಸಿಕ್ಕಿಸುವಾಗ ಸಮಯ ತಪ್ಪಿರುವುದಿಲ್ಲ.