ಕುಡಿ ಚಿವುಟುವ ಮೊದಲು ಗಿಡದ ಲೆಕ್ಕ ಕೇಳಿ

ಆಶ್ಲೇಷ ಮಳೆ ಹಿಡಿಯುವ ಹೊತ್ತಿಗೆ ನಮ್ಮ ಕೃಷ್ಣಾ, ಮಾಗನೂರು, ಮಕ್ತಲ್ ಸೀಮೆಯ ತೊಗರಿ ಮೊಣಕಾಲು ದಾಟಿರುತ್ತದೆ. ಆಗ ಚಹದಂಗಡಿಯಲ್ಲಾಗಲಿ, ಗೊಬ್ಬರದ ಅಂಗಡಿಯ ಕಟ್ಟೆಯ ಮೇಲಾಗಲಿ ಒಂದೇ ಮಾತು. ಕನ್ನಡದವರು ‘ಕುಡಿ ಚಿವುಟಬೇಕೇನ್ರಿ?’ ಅಂತಾರೆ. ತೆಲುಗಿನವರು ‘ಕಂದಿ ತಲಲು ತುಂಚಾಲಾ?’ ಅಂತಾರೆ. ಪ್ರಶ್ನೆ ಒಂದೇ. ಆದರೆ ಎಲ್ಲ ಹೊಲಕ್ಕೂ ಉತ್ತರ ಒಂದೇ ಅಲ್ಲ. ಯಾವ ತಳಿ, ಯಾವಾಗ ಬಿತ್ತಿದ್ದು, ಹೂವಿಗೆ ಇನ್ನೆಷ್ಟು ದಿನ ಉಳಿದಿದೆ ಎಂಬ ಮೂರು ಸಂಗತಿ ತಿಳಿಯದೆ ಚಿವುಟಿದರೆ ಕೂಲಿಯೂ ಹೋಯಿತು, ಕಾಳೂ ಹೋಯಿತು.

ಎರಡು ಭಾಷೆಯಲ್ಲಿ ಪದ ಕಟ್ಟುವ ನನಗೆ ಇಲ್ಲಿ ಮೊದಲು ಕಾಣುವುದು ಮಾತಿನ ವ್ಯತ್ಯಾಸ. ತೆಲುಗಿನ ‘ತುಂಚು’ ರೊಟ್ಟಿ ಮುರಿದಷ್ಟೇ ಸಲೀಸು. ಕನ್ನಡದ ‘ಕುಡಿ’ ಹಾಗಲ್ಲ. ಮನೆಯ ಮಗುವನ್ನೂ ನಾವು ವಂಶದ ಕುಡಿ ಅನ್ನುತ್ತೇವೆ. ಹೀಗಾಗಿ ಹಿರಿಯರಿಗೆ ಬೆಳೆಯುವ ಕುಡಿಗೆ ಉಗುರು ಹಾಕುವುದೆಂದರೆ ಅಪಶಕುನ. ಅವರ ಅಳುಕನ್ನು ತಳ್ಳಿಹಾಕುವಂತಿಲ್ಲ. ಕೆಲವು ಗಿಡಗಳ ಮಟ್ಟಿಗೆ ಅದು ನೂರಕ್ಕೆ ನೂರು ನಿಜ.

ಚಿವುಟಿದರೆ ಆಗುವುದೇನು?

ಗಿಡದ ತುದಿಯ ಮೊಗ್ಗು ಮನೆಯ ಯಜಮಾನನಿದ್ದಂತೆ. ಅದು ಆಕ್ಸಿನ್ ಎಂಬ ಚೋದಕವನ್ನು ತಯಾರಿಸಿ ಕೆಳಗೆ ಕಳಿಸುತ್ತದೆ. ಆ ರಸ ಇಳಿಯುತ್ತಿರುವ ತನಕ ಎಲೆಯ ಕಂಕುಳಲ್ಲಿರುವ ಮೊಗ್ಗುಗಳು ಬಾಯಿ ಮುಚ್ಚಿಕೊಂಡು ಕೂತಿರುತ್ತವೆ. ತುದಿ ಹೋಯಿತೆಂದರೆ ಅವು ಎಚ್ಚತ್ತು ಟೊಂಗೆ ಒಡೆಯುತ್ತವೆ. ತೊಗರಿಯಲ್ಲಿ ಹೂವು ಬರುವುದು ಈ ಟೊಂಗೆಗಳ ಮೇಲೆಯೇ. ಟೊಂಗೆ ಹೆಚ್ಚಾದರೆ ಹೂವು, ಕಾಯಿ ಹೆಚ್ಚು. ರಾಯಚೂರು ಕೃಷಿ ವಿಶ್ವವಿದ್ಯಾಲಯದವರು ತೊಗರಿ ಬಿತ್ತಿ 50-55 ದಿನಕ್ಕೆ ಕುಡಿ ಚಿವುಟಲು ಹೇಳುವುದು ಇದಕ್ಕೇ.

ಆದರೆ ಹೊಸ ಟೊಂಗೆ ಒಂದು ರಾತ್ರಿಗೆ ಬರುವುದಿಲ್ಲ. ಗಾಯ ಆರಬೇಕು, ಮೊಗ್ಗು ಒಡೆಯಬೇಕು, ಟೊಂಗೆ ಬಲಿಯಬೇಕು. ಅದಕ್ಕೆ ವಾರಗಳು ಬೇಕು. ಆ ವಾರಗಳು ಗಿಡದ ಕೈಯಲ್ಲಿ ಇವೆಯೋ ಇಲ್ಲವೋ ಎಂಬುದೇ ಇಡೀ ವಿಷಯದ ಗಂಟು.

ಹಗಲು ಎಣಿಸುವ ಗಿಡ

ನಮ್ಮ ಮಂಡಲದ ಮುಡುಮಾಲ್ ಗ್ರಾಮದಲ್ಲಿ ಆಳೆತ್ತರಕ್ಕೂ ಮೀರಿದ ನಿಲುವುಗಲ್ಲುಗಳಿವೆ. ತೆಲುಗಿನಲ್ಲಿ ‘ನಿಲುವುರಾಳ್ಳು’. 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಸೂರ್ಯ ಹುಟ್ಟುವ, ಮುಳುಗುವ ಜಾಗ ವರ್ಷದಲ್ಲಿ ಸರಿಯುವುದನ್ನು ಗುರುತಿಸಲು ಹಿಂದಿನವರು ಅವನ್ನು ಸಾಲು ಹಿಡಿದು ನಿಲ್ಲಿಸಿದ್ದಾರೆಂದು ಸಂಶೋಧಕರು ಹೇಳುತ್ತಾರೆ. ಆ ಕಲ್ಲುಗಳ ಕೆಲಸವನ್ನೇ ತೊಗರಿ ಗಿಡ ಕಲ್ಲಿಲ್ಲದೆ ಮಾಡುತ್ತದೆ. ನಮ್ಮಲ್ಲಿ ಜೂನ್ ತಿಂಗಳ ದೊಡ್ಡ ಹಗಲು ಸುಮಾರು 13 ತಾಸು. ಡಿಸೆಂಬರಿನ ಸಣ್ಣ ಹಗಲು 11 ತಾಸಿನ ಮೇಲೆ ಕೆಲವೇ ನಿಮಿಷ. ಎರಡು ತಾಸೂ ತುಂಬದ ಈ ಅಂತರವನ್ನು ಗಿಡದ ಎಲೆ ಅಳೆಯುತ್ತದೆ. ಹಗಲು ಕುಗ್ಗಿ ಇರುಳು ಹಿಗ್ಗಿದ ಮೇಲೆಯೇ ಹೂವಿಗೆ ಅಪ್ಪಣೆ.

ನಾವು ಬಹಳ ವರ್ಷಗಳಿಂದ ಬಿತ್ತುತ್ತಿರುವ ಮಾರುತಿ, ಆಶಾ, ಟಿಎಸ್-3ಆರ್ ಮುಂತಾದವು ಈ ಜಾತಿಯವು. ಮೃಗಶಿರಾ ಮಳೆಗೆ, ಅಂದರೆ ಜೂನ್ 15ರ ಸುಮಾರಿಗೆ ಬಿತ್ತಿದರೆ ಆಗಸ್ಟ್ ಮೊದಲ ವಾರ ದಾಟುವಾಗ 50-55 ದಿನ. ಹೂವು ಬರುವುದು ಹಸ್ತ, ಚಿತ್ತಾ ಮಳೆಗೆ. ಚಿವುಟಿದ ಮೇಲೆ ಸುಮಾರು ಎರಡು ತಿಂಗಳು ಕೈಯಲ್ಲಿದೆ. ಟೊಂಗೆ ಒಡೆಯಲು ಧಾರಾಳ ಸಮಯ. ಇಲ್ಲಿ ಚಿವುಟುವುದು ಲಾಭ.

ಅದೇ ತಳಿಯನ್ನು ಮಳೆ ಕೈಕೊಟ್ಟು ಆಗಸ್ಟಿನಲ್ಲಿ ಬಿತ್ತಿದರೆ ಲೆಕ್ಕ ತಿರುಗಿ ಬೀಳುತ್ತದೆ. ಗಿಡ ನಮ್ಮ ಬಿತ್ತಿಗೆಗೆ ಕಾಯುವುದಿಲ್ಲ, ಸೂರ್ಯನ ಲೆಕ್ಕಕ್ಕೆ ನಡೆಯುತ್ತದೆ. ಗಿಡ್ಡಗಿದ್ದರೂ ಹೂವು ಬಿಟ್ಟುಬಿಡುತ್ತದೆ. ಅಲ್ಲಿ 50 ದಿನ ಎಣಿಸಿ ಕುಡಿ ಕಿತ್ತರೆ ಮೊಗ್ಗಿಗೆ ಉಳಿಯುವುದು ಮೂರೋ ನಾಲ್ಕೋ ವಾರ. ತಡವಾದ ಬಿತ್ತಿಗೆಗೆ ದಾರಿ ಚಿವುಟುವುದಲ್ಲ. ಸಾಲು ಹತ್ತಿರ ಮಾಡಿ ಗಿಡದ ಸಂಖ್ಯೆ ಹೆಚ್ಚಿಸುವುದು.

ಹಗಲಿನ ಈ ಲೆಕ್ಕ ಹೂವಿನ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಬೆಂಗಳೂರು ಸುತ್ತಲಿನ ಸೇವಂತಿಗೆ ತೋಟಗಳಲ್ಲಿ ರಾತ್ರಿ ಬಲ್ಬು ಹಚ್ಚುತ್ತಾರೆ. ಬೆಳಕು ಕಂಡ ಗಿಡ ಇನ್ನೂ ಹಗಲು ದೊಡ್ಡದಿದೆ ಎಂದು ತಿಳಿದು ಹೂವು ತಡೆಹಿಡಿಯುತ್ತದೆ, ಬೆಳೆಯುತ್ತ ಹೋಗುತ್ತದೆ. ಕುಡಿ ಚಿವುಟಿದ ಮೇಲೆ ಬೇಕಾದಷ್ಟು ಸಮಯ ಕೊಂಡುಕೊಳ್ಳುವ ಉಪಾಯ ಅದು. ನಮ್ಮ ತೊಗರಿ ಹೊಲಕ್ಕೆ ಬಲ್ಬು ಹಚ್ಚುವವರಾರು?

ವಯಸ್ಸು ಎಣಿಸುವ ಗಿಡ

ಇನ್ನೊಂದು ಜಾತಿಯಿದೆ. ಅದಕ್ಕೆ ಹಗಲಿನ ಹಂಗಿಲ್ಲ, ಹುಟ್ಟಿದ ದಿನದಿಂದ ಎಣಿಸಿ ಹೂವು ಬಿಡುತ್ತದೆ. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು 100 ದಿನದೊಳಗೆ ಕೊಯ್ಲಿಗೆ ಬರುವ, ಹಗಲಿನ ಉದ್ದಕ್ಕೆ ಹೆಚ್ಚು ಬಗ್ಗದ ತೊಗರಿ ತಳಿಗಳನ್ನು ಮಾಡಿದ್ದಾರೆ. ಅಂಥ ಗಿಡಕ್ಕೆ 50ನೇ ದಿನವೆಂದರೆ ಹೂವಿನ ಹೊಸಿಲು. ಅದರಲ್ಲೂ ಕೆಲವು ತಳಿಗಳು ತುದಿಯಲ್ಲೇ ಗೊಂಚಲಾಗಿ ಹೂವು ಬಿಟ್ಟು ಅಲ್ಲಿಗೇ ಬೆಳವಣಿಗೆ ನಿಲ್ಲಿಸುತ್ತವೆ. 1986ರಲ್ಲಿ ಬಂದ ಐಸಿಪಿಎಲ್ 87, ಅಂದರೆ ‘ಪ್ರಗತಿ’, ಈ ಬಗೆಯದು. ಅದರ ಕುಡಿ ತೆಗೆದರೆ ತೆಗೆದದ್ದು ಎಲೆಯಲ್ಲ, ಕಾಯಿ.

ಈ ಸ್ವಭಾವದ ಅತಿರೇಕ ನೋಡಬೇಕೆಂದರೆ ಗಾಂಜಾ ಗಿಡದಲ್ಲಿ ನೋಡಬೇಕು. ಸಾಮಾನ್ಯ ಗಾಂಜಾ ತೊಗರಿಯಂತೆಯೇ ಹಗಲು ಎಣಿಸುವ ಗಿಡ. ಬೇಸಿಗೆ ಸಣ್ಣದಿರುವ ರಷ್ಯಾ ಕಡೆಯ ಒಂದು ಕಾಡು ಜಾತಿ ಮಾತ್ರ ವಯಸ್ಸಿನ ಮೇಲೆ ಹೂವು ಬಿಡುತ್ತದೆ. 1924ರಲ್ಲಿ ಅದಕ್ಕೆ ರುಡೆರಾಲಿಸ್ ಎಂದು ಹೆಸರಿಟ್ಟರು. ಅದನ್ನು ಬೆರಸಿ ಮಾಡಿದ ತಳಿಗಳು ಮೂರು ನಾಲ್ಕು ವಾರಕ್ಕೇ ಹೂವಿಗೆ ಬರುತ್ತವೆ. 2018ರಿಂದ ಕಾನೂನು ಒಪ್ಪಿದ ಕೆನಡಾದಂಥ ದೇಶದಲ್ಲಿ ಮನೆಯೊಳಗೆ ದೀಪದ ಕೆಳಗೆ ಇವನ್ನು ಬೆಳೆಯುವವರ ನಡುವೆ ನಮ್ಮ ಕಟ್ಟೆಯ ವಾದವೇ ನಡೆಯುತ್ತದೆ: ಕುಡಿ ಕತ್ತರಿಸಬೇಕೋ ಬೇಡವೋ? ಅಲ್ಲಿಯೂ ತೂಕದ ಮಾತೆಂದರೆ, ಗಾಯ ಆರಲು ಪುರುಸೊತ್ತಿಲ್ಲದ ಗಿಡಕ್ಕೆ ಕತ್ತರಿ ಹಾಕಬೇಡಿ ಎಂಬುದು.

ನಮ್ಮ ಕಡೆ ಆ ಗಿಡದ ಸುದ್ದಿ ಬೇರೆ. ತೊಗರಿ, ಹತ್ತಿ ಸಾಲಿನ ನಡುವೆ ನಾಲ್ಕು ಗಿಡ ಬೆಳೆದರೂ 1985ರ ಮಾದಕ ವಸ್ತು ಕಾಯ್ದೆಯಲ್ಲಿ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ತನ್ನ ಹೊಲದಲ್ಲಿ ಅಂಥ ಗಿಡವಿದ್ದರೆ ಕೂಡಲೇ ತಿಳಿಸುವುದು ಭೂಮಿ ಹೊಂದಿದವನ ಹೊಣೆ ಎಂದೂ ಅದೇ ಕಾಯ್ದೆ ಹೇಳುತ್ತದೆ. ಹೊಲ ಲಾವಣಿಗೆ ಕೊಟ್ಟು ಊರು ಬಿಟ್ಟವರು ಇದನ್ನು ನೆನಪಿಡಬೇಕು.

ಹತ್ತಿಯ ಮಾತೇ ಬೇರೆ

ಗದ್ವಾಲ ಕಡೆಯ ಹತ್ತಿಯವರೂ ತಲೆ ಚಿವುಟುತ್ತಾರೆ. ತೆಲುಗಿನಲ್ಲಿ ಅದಕ್ಕೂ ‘ತಲಲು ತುಂಚಡಂ’ ಎಂದೇ ಹೆಸರು. ಗೊಂದಲ ಹುಟ್ಟುವುದು ಇಲ್ಲಿ. ಹತ್ತಿಯಲ್ಲಿ ಇದನ್ನು ಮಾಡುವುದು 80-90 ದಿನಕ್ಕೆ, ಹೂವು ಕಾಯಿ ಕೂತ ಮೇಲೆ. ಉದ್ದೇಶ ಟೊಂಗೆ ಒಡೆಸುವುದಲ್ಲ, ಗಿಡ ಮೇಲೇರುವುದನ್ನು ನಿಲ್ಲಿಸಿ ಊಟವನ್ನು ಕಾಯಿಗೆ ತಿರುಗಿಸುವುದು. ಹತ್ತಿಯ 80 ದಿನವನ್ನು ತೊಗರಿಗೆ ತಂದರೂ ತಪ್ಪು, ತೊಗರಿಯ 50 ದಿನವನ್ನು ಹತ್ತಿಗೆ ಒಯ್ದರೂ ತಪ್ಪು.

ನದಿಯ ಎರಡು ದಂಡೆಯ ರೈತರಿಗೆ ಇದು ದಿನನಿತ್ಯದ ಪೇಚು. ನಮಗೆ ರೈತು ವೇದಿಕೆಯಲ್ಲಿ ಸಿಗುವ ಕರಪತ್ರ ತೆಲುಗಿನದು. ಬೀಜ ತರುವುದು ಕೆಲವೊಮ್ಮೆ ರಾಯಚೂರಿನಿಂದ. ಮಾತು ಕೇಳುವುದು ಕಲಬುರಗಿಯ ಬೀಗರಿಂದ. ಅವರು ‘ನಾವು ಯಂತ್ರದಾಗ ಹೊಡಿಸಿದ್ವಿ, ಟೊಂಗಿ ಹಂಗ ಬಂದಾವ ನೋಡ್ರಿ’ ಅಂದರೆ ನಾವೂ ಅದೇ ದಿನ ಹೊಲಕ್ಕೆ ಇಳಿಯುತ್ತೇವೆ. ಅವರ ತಳಿ ಯಾವುದು, ಅವರ ಬಿತ್ತಿಗೆ ಯಾವ ಮಳೆಯದು ಎಂದು ಕೇಳುವುದೇ ಇಲ್ಲ.

ಲೆಕ್ಕ ಹೀಗೆ ಹಾಕಿ

ಬೀಜದ ಚೀಲದ ಮೇಲೆ ತಳಿಯ ಹೆಸರು, ಅವಧಿ ನೋಡಿ. ರಸೀದಿಯಿಲ್ಲದ ಬಿಡಿ ಬೀಜಕ್ಕೆ ಈ ಲೆಕ್ಕ ಹಾಕಲಿಕ್ಕೇ ಬಾರದು. ಬೀಜ ಮಾರುವ ಅಂಗಡಿಯವರೂ ಚೀಲ ಕೊಡುವಾಗ ‘ಇದು ಬೇಗ ಬರೋದು, ಕುಡಿ ಮುಟ್ಟಬ್ಯಾಡ್ರಿ’ ಎಂದು ಒಂದು ಮಾತು ಹೇಳಿದರೆ ಪುಣ್ಯ ಬರುತ್ತದೆ, ಗಿರಾಕಿಯೂ ಉಳಿಯುತ್ತಾನೆ. ಬಿತ್ತಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗೀಟು ಹಾಕಿ. ಚಿವುಟುವ ದಿನದಿಂದ ಹೂವಿನ ದಿನದವರೆಗೆ ಆರು ವಾರಕ್ಕೆ ಕಡಿಮೆಯಿದ್ದರೆ ಕೈ ಕಟ್ಟಿ ಕೂಡುವುದೇ ಲೇಸೆಂದು ನನ್ನ ಅಭಿಪ್ರಾಯ. ಮೊಗ್ಗು ಕಂಡ ಮೇಲಂತೂ ಮುಟ್ಟಲೇಬಾರದು.

ತೆಗೆಯುವುದು ತುದಿಯ ಐದಾರು ಸೆಂಟಿಮೀಟರ್ ಮಾತ್ರ. ಹೆಬ್ಬೆರಳ ಉಗುರಿಗೆ ಪಟ್ಟನೆ ಮುರಿಯುವಷ್ಟು ಎಳೆಯ ಭಾಗ. ಉಗುರಿಗೆ ಬಗ್ಗದೆ ಕುಡುಗೋಲು ಬೇಕಾಯಿತೆಂದರೆ ಕಾಲ ಮೀರಿದೆ ಎಂದರ್ಥ. ನೆಲದಲ್ಲಿ ಹಸಿ ಇರಬೇಕು. ಬರಗಾಲದಲ್ಲಿ ಬಾಡಿದ ಗಿಡಕ್ಕೆ ಹೊಸ ಟೊಂಗೆ ಸಾಕುವ ಶಕ್ತಿ ಇರುವುದಿಲ್ಲ. ಎಲೆ ಸಣ್ಣಗಾಗಿ ತಿಳಿಹಳದಿ ತಿರುಗಿದ ಗೊಡ್ಡು ರೋಗದ ಗಿಡ ಕಂಡರೆ ಚಿವುಟಬೇಡಿ, ಕಿತ್ತು ಹಾಕಿ. ಅದನ್ನು ಹರಡುವುದು ಕಣ್ಣಿಗೆ ಕಾಣದ ನುಸಿ.

ಕೂಲಿಯ ಲೆಕ್ಕವನ್ನೂ ನೋಡೋಣ. ನಾಲ್ಕು ಅಡಿ ಸಾಲು, ಒಂದು ಅಡಿಗೊಂದು ಗಿಡ ಎಂದರೆ ಎಕರೆಗೆ 10,890 ಗಿಡ. ಒಂದಕ್ಕೆ ಎರಡು ಸೆಕೆಂಡ್ ಹಿಡಿದರೂ ಆರು ತಾಸು. ಕೆಸರಲ್ಲಿ ನಡೆದು, ಬೆನ್ನು ಬಗ್ಗಿಸಿ ಮಾಡುವಾಗ ಎರಡು ಆಳು ಬೇಕೇ ಬೇಕು. ಈ ಕೆಲಸ ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. 2025-26ಕ್ಕೆ ಕೇಂದ್ರ ಪ್ರಕಟಿಸಿದ ತೊಗರಿ ಬೆಂಬಲ ಬೆಲೆ ಕ್ವಿಂಟಲಿಗೆ 8,000 ರೂಪಾಯಿ. ಹೊತ್ತಲ್ಲದ ಹೊತ್ತಿನಲ್ಲಿ ಚಿವುಟಿ ಎಕರೆಗೆ ಅರ್ಧ ಕ್ವಿಂಟಲ್ ಕಳೆದರೆ 4,000 ರೂಪಾಯಿ ಹೋಯಿತು. ಮೇಲೆ ಆಳಿನ ಕೂಲಿ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ಕನ್ನಡದಲ್ಲಿ ಅನ್ನುತ್ತೇವೆ. ‘ಮೊಕ್ಕೈ ವಂಗನಿದಿ ಮಾನೈ ವಂಗುನಾ’ ಎಂದು ತೆಲುಗಿನಲ್ಲಿ. ಎರಡೂ ಹೇಳುವುದು ಕಾಲದ ಮಾತನ್ನೇ. ತೊಗರಿ ಹೊಲದಲ್ಲಿ ಆ ಕಾಲ ಗೊತ್ತಾಗುವುದು ಪಕ್ಕದ ಹೊಲ ನೋಡಿ ಅಲ್ಲ, ಬಿತ್ತಿದ ದಿನ ಎಣಿಸಿ. ಈ ಸಲ ಆಶ್ಲೇಷ ಕಾರ್ತೆಗೆ ಕೂಲಿಯವರನ್ನು ಕರೆಯುವ ಮುಂಚೆ ಬೀಜದ ಚೀಲ ಹುಡುಕಿ ತೆಗೆದು ಒಮ್ಮೆ ಓದಿರಿ.