ಸುರಪುರದ ಗುಡ್ಡ, ಕೃಷ್ಣೆಯ ಪುಟ್ಟಿ

ಸುರಪುರಕ್ಕೆ ಬಂದವರು ಅರಮನೆ, ವೇಣುಗೋಪಾಲಸ್ವಾಮಿ ಗುಡಿ, ಟೇಲರ್ ಮಂಜಿಲ್ ನೋಡಿಕೊಂಡು ಸಂಜೆಯ ಬಸ್ಸಿಗೆ ಶಹಾಪುರವನ್ನೋ ಯಾದಗಿರಿಯನ್ನೋ ಸೇರಿಬಿಡುತ್ತಾರೆ. ಹಾಗೆ ಹೋಗಬಾರದು. ಒಂದು ರಾತ್ರಿ ಗುಡ್ಡದ ಮೇಲೆ ಉಳಿದು, ನಸುಕಿನಲ್ಲಿ ಎದ್ದು ಬೋನಾಳದ ಕೆರೆ ಏರಿ ಹತ್ತಬೇಕು. ಬಿಸಿಲು ಇಳಿದ ಮೇಲೆ ತಿಂಥಣಿಯ ಹತ್ತಿರ ಕೃಷ್ಣೆಯ ದಂಡೆಗೆ ಹೋಗಬೇಕು. ಬಿಸಿಲುನಾಡು ಎಂದೇ ಹೆಸರಾದ ಈ ಸೀಮೆಯ ಐಶ್ವರ್ಯ ಇರುವುದು ನೀರಿನಲ್ಲಿ.

ಬೋನಾಳ ಕೆರೆ ಸುರಪುರದ ನಾಯಕ ಅರಸರ ಕಾಲದ್ದು. ರಂಗನತಿಟ್ಟು ಬಿಟ್ಟರೆ ರಾಜ್ಯದಲ್ಲಿ ದೊಡ್ಡ ಪಕ್ಷಿಧಾಮ ಇದೇ ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ನಾನು ಹೋದದ್ದು ಚಳಿಗಾಲದ ಒಂದು ಬೆಳಿಗ್ಗೆ. ಮಂಜು ಇನ್ನೂ ಸರಿದಿರಲಿಲ್ಲ. ಹಕ್ಕಿ ಕಾಣುವ ಮೊದಲು ಸದ್ದು ಕೇಳಿತು. ಜೊಂಡಿನೊಳಗೆ ನೇರಳೆ ಜೌಗುಕೋಳಿಗಳ ಗದ್ದಲ, ಅದರಾಚೆ ಶಿಳ್ಳೆ ಬಾತುಗಳ ಸೀಟಿ. ಬೆಳಕು ಬಂದಂತೆ ಬಿಳಿ ಕೆಂಬರಲುಗಳು ಸಾಲು ಹಿಡಿದು ಕೆಸರು ಕೆದಕುತ್ತಿದ್ದವು, ಕೆನ್ನೀಲಿ ಬಕವೊಂದು ಕೊರಳು ನೀಡಿ ನಿಂತಿತ್ತು, ನೀರುಕಾಗೆಗಳು ಒಣ ಕೊಂಬೆಯ ಮೇಲೆ ರೆಕ್ಕೆ ಹರವಿಕೊಂಡು ಕೂತಿದ್ದವು. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳಿಗೂ ಇದು ತಂಗುದಾಣ. ಅಂದು ನನಗೆ ಅವು ಕಾಣಲಿಲ್ಲ. ಕಂಡಷ್ಟಕ್ಕೇ ಮನಸ್ಸು ತುಂಬಿತ್ತು. ಏರಿಯ ಮೇಲೆ ಇದ್ದದ್ದು ನಾನು, ಕುರಿ ಹೊಡೆದುಕೊಂಡು ಹೊರಟ ಇಬ್ಬರು ಹುಡುಗರು, ಅಷ್ಟೇ. ಇಂಥದೊಂದು ಕೆರೆ ಮೈಸೂರಿನ ಕಡೆ ಇದ್ದಿದ್ದರೆ ದಾರಿಯುದ್ದಕ್ಕೂ ಕಾರುಗಳು ನಿಂತಿರುತ್ತಿದ್ದವು.

ಇಳಿದುಕೊಂಡದ್ದು ಟೇಲರ್ ಮಂಜಿಲ್‌ನಲ್ಲಿ. ಈಗ ಅದು ಸರ್ಕಾರಿ ಅತಿಥಿಗೃಹ. ಗುಡ್ಡದ ನೆತ್ತಿಯ ಮೇಲಿನ ಗಾಳಿಗೆ ಫ್ಯಾನು ಬೇಕೆನಿಸಲಿಲ್ಲ. ಕೆಳಗೆ ಊರು, ಅದರ ಸುತ್ತ ಬಂಡೆಗುಡ್ಡಗಳು, ಅವುಗಳ ನಡುವೆ ಹೊಲ. ರಾತ್ರಿ ಊಟಕ್ಕೆ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಬಡಿಸಿದಾತ 'ಇನ್ನೊಂದ್ ರೊಟ್ಟಿ ಹಾಕ್ಕೋರಿ ಸರ, ಬರೇ ಎರಡ ಉಂಡ್ರ ಹೆಂಗ' ಎಂದು ಬಿಡದೆ ಹಾಕಿದ.

ಇತಿಹಾಸ ಇಷ್ಟು: ಗೋಸಲ ವಂಶದ ನಾಯಕರ ಸಂಸ್ಥಾನ ಇದು. 1705ರಲ್ಲಿ ಔರಂಗಜೇಬನೇ ಖುದ್ದಾಗಿ ಬಂದು ಹತ್ತಿರದ ವಾಗಣಗೇರಾ ಕೋಟೆಗೆ ಮುತ್ತಿಗೆ ಹಾಕಿದ; ಅವನ ಬದುಕಿನ ಕೊನೆಯ ದೊಡ್ಡ ಮುತ್ತಿಗೆ ಅದು. 1839ರಲ್ಲಿ ಥಗ್ಗರ ಕಾದಂಬರಿ ಪ್ರಕಟಿಸಿ ಹೆಸರಾಗಿದ್ದ ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರ ಹೊತ್ತಿಗೆ ಇಲ್ಲಿಗೆ ಬಂದ; ಮಂಜಿಲ್‌ಗೆ ಹೆಸರು ಬಂದದ್ದು ಅವನಿಂದಲೇ. ಎಳೆಯ ವಯಸ್ಸಿನ ಅರಸ ವೆಂಕಟಪ್ಪನಾಯಕ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. ಟೇಲರ್ 1853ರಲ್ಲಿ ಊರು ಬಿಟ್ಟ. 1858ರಲ್ಲಿ ವೆಂಕಟಪ್ಪನಾಯಕ ಬ್ರಿಟಿಷರ ವಿರುದ್ಧ ಎದ್ದು ನಿಂತ, ಸೆರೆ ಸಿಕ್ಕ, ಚೆಂಗಲ್‌ಪಟ್ಟಿಗೆ ಸಾಗಿಸುವ ದಾರಿಯಲ್ಲಿ ಗುಂಡೇಟಿನಿಂದ ತೀರಿಕೊಂಡ. ಎರಡು ವರ್ಷಕ್ಕೆ ಸಂಸ್ಥಾನ ನಿಜಾಮನ ಪಾಲಾಯಿತು. ರಾಜನಕೋಳೂರಿನ ಕಲ್ಗೋರಿಗಳನ್ನೂ ಶಹಾಪುರ ಪಕ್ಕದ ವಿಭೂತಿಹಳ್ಳಿಯ ಸಾಲುಗುಂಡುಗಳನ್ನೂ ಮೊದಲು ಬರೆದಿಟ್ಟವರಲ್ಲಿ ಟೇಲರ್ ಒಬ್ಬ. ಅದಕ್ಕೂ ಎಷ್ಟೋ ಹಿಂದೆ, ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಕೆಳಗೆ ಆದಿಮಾನವರು ಕಲ್ಲಿನ ಆಯುಧ ಮಾಡಿಕೊಂಡಿದ್ದರು. ಅವರನ್ನೂ ಇಲ್ಲಿಗೆ ಎಳೆದು ತಂದದ್ದು ನೀರೇ.

ಕೆರೆ ನೋಡಿದ ಆ ದಿನ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಕೃಷ್ಣೆಯ ದಂಡೆಯಲ್ಲಿ ಸಿಕ್ಕ ಅಂಬಿಗ ಮುತ್ಯಾ.

ತಿಂಥಣಿ ಮೌನೇಶ್ವರನ ನೆಲೆ. ಹಿಂದೂ-ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಜಾಗ. ಅಲ್ಲಿಂದ ಸ್ವಲ್ಪ ಸರಿದರೆ ಹೊಳೆಯ ನಡುವೆ ಬಂಡೆಗಳು, ಬಂಡೆಗಳ ನಡುವೆ ಹಸಿರು ಮಡುಗಳು. ಮುತ್ಯಾ ತನ್ನ ಪುಟ್ಟಿಯನ್ನು, ಅಂದರೆ ಬಿದಿರಿನ ದುಂಡು ದೋಣಿಯನ್ನು, ಬೋರಲು ಹಾಕಿಕೊಂಡು ತಳಕ್ಕೆ ಡಾಂಬರು ಬಳಿಯುತ್ತಿದ್ದ. ಏನು ಮುತ್ಯಾ, ತೂತು ಬಿತ್ತೇನು ಎಂದು ಕೇಳಿದ್ದಷ್ಟೇ ನೆಪ.

'ತೂತಲ್ರೀ ಸಾಹೇಬ್ರ, ಮೈಯೆಲ್ಲ ಜಾಳಾಗ್ಯಾದ. ನಮ್ಮಪ್ಪನ ಕಾಲಕ್ಕ ಎಮ್ಮಿ ಚರ್ಮ ಹೊಚ್ಚತಿದ್ರು. ಈಗ ಗೊಬ್ಬರದ ಚೀಲ ಹೊಚ್ಚಿ ಡಾಂಬರ ಬಡೀತೀವಿ. ಎರಡು ಮಳಿಗಾಲ ತಡದ್ರ ಬಾಳ ಆತು.'

ಬಿದಿರನ್ನು ಸೀಳಿ, ನೀರಲ್ಲಿ ನೆನೆಸಿ, ಮೊದಲು ತಳ ಹೆಣೆಯಬೇಕು. ಆಮೇಲೆ ಕಲ್ಲಿನ ಭಾರ ಹೇರಿ ಅಂಚು ಬಾಗಿಸಿ ಮೇಲೆತ್ತಬೇಕು. ಕೊನೆಗೆ ದಪ್ಪ ಬಾಯಂಚು ಕಟ್ಟಬೇಕು. ಇದನ್ನು ಮುತ್ಯಾ ಬಾಯಲ್ಲಿ ಹೇಳಲಿಲ್ಲ, ಪಕ್ಕದಲ್ಲಿದ್ದ ಸೀಳುಗಳನ್ನು ಎತ್ತಿ ಹೆಣೆದೇ ತೋರಿಸಿದ. ಆ ಬೆರಳುಗಳ ಓಟ ನೋಡುತ್ತ ನಾನು ಹೊತ್ತು ಮರೆತೆ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಚರ್ಮ ಹೊದಿಸಿದ ಈ ದುಂಡು ದೋಣಿಗಳನ್ನು ಕಂಡು, ಹದಿನೈದಿಪ್ಪತ್ತು ಮಂದಿ ಹಿಡಿಯುತ್ತಾರೆಂದು, ಸುತ್ತುತ್ತಲೇ ಸಾಗುತ್ತವೆಂದು ಬರೆದಿದ್ದಾನೆ. ಐನೂರು ವರ್ಷದ ಆ ವಿದ್ಯೆ ಈಗ ಈ ದಂಡೆಯಲ್ಲಿ ಎಷ್ಟು ಕೈಗಳಲ್ಲಿ ಉಳಿದಿದೆ ಎಂದು ಕೇಳಿದಾಗ ಮುತ್ಯಾ ತಲೆ ಎತ್ತಲಿಲ್ಲ.

'ಯಾರ ಹೆಣೀತಾರ್ರೀ? ನನ್ನ ಮಗ ಬೆಂಗಳೂರಾಗ ಗಾರೆ ಕೆಲಸಕ್ಕ ಹೋಗ್ಯಾನ. ಹೊಳಿಯಾಗ ಹುಟ್ಟಿ ಬೆಳದಾಂವ, ಅಲ್ಲಿ ಸಿಮೆಂಟ್ ಕಲಸ್ತಾನ. ಹಬ್ಬಕ್ಕ ಬರ್ತಾನ, ಒಂದಿನ ಮೀನ ಹಿಡೀತಾನ, ಹೊಳ್ಳಿ ಹೋಗ್ತಾನ.'

ಗುಳೆ ಎನ್ನುವ ಮಾತು ಈ ಜಿಲ್ಲೆಯಲ್ಲಿ ಪ್ರತಿ ಮನೆಯ ಮಾತು. 1982ರಲ್ಲಿ ಮುಗಿದ ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆ ಬಂದ ಮೇಲೆ ಸುರಪುರ, ಶಹಾಪುರದ ಸುತ್ತ ಭತ್ತದ ಗದ್ದೆಗಳು ಎದ್ದಿವೆ. ಆದರೂ ಬೆಂಗಳೂರು, ಮುಂಬೈ, ಪುಣೆಯ ಕಡೆಗೆ ಬಸ್ಸುಗಳು ತುಂಬಿಯೇ ಹೊರಡುತ್ತವೆ. ಹೊಲ ಇಲ್ಲದವರಿಗೆ ಕಾಲುವೆ ಬಂದರೂ ಒಂದೇ, ಬಾರದಿದ್ದರೂ ಒಂದೇ.

ಪುಟ್ಟಿ ಹತ್ತಿದೆವು. ಹುಟ್ಟನ್ನು ನೀರಿಗೆ ಹಾಕುವ ಮೊದಲು ಮುತ್ಯಾ ಅಂಬಿಗರ ಚೌಡಯ್ಯನನ್ನು ನೆನೆದ. ಮಡುವಿನ ನಡುವೆ ಹೋದಾಗ ಹುಟ್ಟು ನಿಲ್ಲಿಸಿ ಗದ್ದ ಎತ್ತಿ ತೋರಿಸಿದ. ಬಂಡೆಯ ಬಣ್ಣದ್ದೇ ಆದ ಮೊಸಳೆ, ಬಾಯಿ ತೆರೆದುಕೊಂಡು ಬಿಸಿಲು ಕಾಯಿಸುತ್ತಿತ್ತು. 'ನಾವು ಅದರ ತಂಟೆಗ ಹೋಗಲ್ಲ, ಅದು ನಮ್ಮ ತಂಟೆಗ ಬರಲ್ಲ. ಆದ್ರ ದನ ತೊಳಿಯಾಕ ಇಳದವರು ಎಚ್ಚರ ಇರಬೇಕು ನೋಡ್ರೀ.' ಯಾವ ಬಂಡೆಯ ಬುಡದಲ್ಲಿ ಸುಳಿ ಇದೆ, ಡ್ಯಾಮಿನ ಗೇಟು ತೆಗೆದರೆ ನೀರು ಯಾವ ಗುರುತಿಗೆ ಏರುತ್ತದೆ, ಎಲ್ಲವೂ ಆತನಿಗೆ ಬಾಯಿಪಾಠ. ಇಂಥ ತಿಳಿವಳಿಕೆಯೇ ಈ ದಂಡೆಯವರ ಜೀವ ಕಾಯ್ದಿದೆ. ಕಕ್ಕೇರಾ ಕಡೆಯ ನೀಲಕಂಠರಾಯನ ಗಡ್ಡಿ ಕೃಷ್ಣೆಯ ನಡುವಿನ ನಡುಗಡ್ಡೆ. 2014ರಲ್ಲಿ ಅಲ್ಲಿಯ ತುಂಬು ಗರ್ಭಿಣಿಯೊಬ್ಬಳು ಆಸ್ಪತ್ರೆ ಮುಟ್ಟಲು ಒಣ ಸೋರೆಬುರುಡೆ ಕಟ್ಟಿಕೊಂಡು, ಮನೆಯವರ ನೆರವಿನಲ್ಲಿ ಉಕ್ಕಿದ ಹೊಳೆಯನ್ನು ಈಜಿ ದಾಟಿದ್ದಳು. ಅವಳ ಧೈರ್ಯವನ್ನು ಮೆಚ್ಚುವಾಗಲೆಲ್ಲ ನನಗೆ ಸಿಟ್ಟೂ ಬರುತ್ತದೆ. ಹೆರಿಗೆಗೆ ಹೋಗಲು ಯಾರೂ ಪ್ರವಾಹ ಈಜಬೇಕಾಗಿ ಬರಬಾರದು.

ಹೊಳೆಯವರ ವಿದ್ಯೆ ಬೇರೆ ಕಡೆ ಹೇಗೆ ಅನ್ನ ಕೊಡುತ್ತಿದೆ ನೋಡಿ: ಆಫ್ರಿಕಾದ ಬೋಟ್ಸ್ವಾನಾದಲ್ಲಿ ಒಕವಾಂಗೊ ಎಂಬ ಹೊಳೆ ಸಮುದ್ರ ಸೇರದೆ ಮರಳುಗಾಡಿನಲ್ಲಿ ಹರಡಿಕೊಳ್ಳುತ್ತದೆ. ಆ ಹರವು 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಯ ಹೊಳೆದಂಡೆಯ ಲಾಡ್ಜ್‌ಗಳಲ್ಲಿ ಇಳಿದವರನ್ನು ಆನೆ, ಮೊಸಳೆ ತೋರಿಸಲು ಒಯ್ಯುವುದು ಮೊಕೊರೊ ಎಂಬ ಉದ್ದ ದೋಣಿ. ಹಿಂದೆ ಇಡೀ ಮರ ಕೊರೆದು ಮಾಡುತ್ತಿದ್ದರು. ಈಗ ಮರ ಉಳಿಯಲೆಂದು ಹೆಚ್ಚಾಗಿ ಫೈಬರ್‌ನಲ್ಲಿ ಮಾಡುತ್ತಾರೆ. ಜಲ್ಲೆ ಊರಿ ದೋಣಿ ನಡೆಸುವವರು ಆ ದಂಡೆಯ ಊರವರೇ. ಮೀನು ಹಿಡಿಯಲೆಂದು ಕಲಿತ ವಿದ್ಯೆ ಸಂಬಳ ತರುತ್ತಿದೆ. ಅಷ್ಟು ದೂರ ಯಾಕೆ, ನಮ್ಮದೇ ಕಬಿನಿ ದಂಡೆಯ ಕಾರಾಪುರದಲ್ಲಿ ಮಹಾರಾಜರ ಬೇಟೆ ಬಂಗಲೆಯನ್ನೇ ಸರ್ಕಾರಿ ಸಂಸ್ಥೆ ಜಂಗಲ್ ಲಾಡ್ಜಸ್ ವಸತಿಧಾಮ ಮಾಡಿ ಜಗತ್ತನ್ನು ಕರೆಸಿತು. ಹಂಪಿಯಲ್ಲಿ ತುಂಗಭದ್ರೆಯ ತೆಪ್ಪದವರು ಪ್ರವಾಸಿಗರಿಂದ ನಾಲ್ಕು ಕಾಸು ಕಾಣುತ್ತಾರೆ. ಸುರಪುರದಲ್ಲಿ ಬಂಗಲೆ ಇದೆ, ಕೆರೆ ಇದೆ, ಹೊಳೆ ಇದೆ, ಮೊಸಳೆ ಇದೆ, ಅಂಬಿಗನೂ ಇದ್ದಾನೆ. 2010ರಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಗಿ ಆಡಳಿತವೂ ಹತ್ತಿರ ಬಂತು. ಇವಿಷ್ಟನ್ನು ಒಂದು ದಾರದಲ್ಲಿ ಪೋಣಿಸುವುದು ಅಷ್ಟೊಂದು ಕಷ್ಟವೇ? ದೊಡ್ಡ ರೆಸಾರ್ಟ್ ಬೇಡ. ಬೋನಾಳದಲ್ಲಿ ಹಕ್ಕಿಗಳ ಹೆಸರು ಬಲ್ಲ ಊರಿನ ಹುಡುಗರಿಗೆ ಕೆಲಸ, ಹೊಳೆಯಲ್ಲಿ ಪುಟ್ಟಿಯವರಿಗೆ ಲೈಸೆನ್ಸು, ಲೈಫ್ ಜಾಕೆಟ್ಟು, ಹೆಣೆಯಲು ಬಿದಿರು. ಮುತ್ಯಾನ ಮಗ ಸಿಮೆಂಟ್ ಕಲಸುವುದನ್ನು ಬಿಟ್ಟು ಬರಲು ಇಷ್ಟು ಸಾಕು.

ಹೋಗುವವರಿಗೆ: ಮುಂಬೈ-ಚೆನ್ನೈ ರೈಲು ಹಾದಿಯಲ್ಲಿ ಯಾದಗಿರಿ ನಿಲ್ದಾಣ. ಅಲ್ಲಿಂದ ಬಸ್ಸಿನಲ್ಲಿ ಶಹಾಪುರ ದಾಟುವಾಗ ಗುಡ್ಡದ ಸಾಲಿನಲ್ಲಿ ಮಲಗಿದ ಬುದ್ಧನ ಆಕೃತಿ ಕಾಣುತ್ತದೆ, ಕಣ್ಣು ಹಾಯಿಸಿ. ಹಕ್ಕಿಗೆ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಅತಿಥಿಗೃಹದ ಕೋಣೆಗೆ ಮೊದಲೇ ಅನುಮತಿ ಪಡೆಯಿರಿ. ಈಜು ಬಾರದವರು ಪುಟ್ಟಿ ಹತ್ತದೆ ದಂಡೆಯಲ್ಲೇ ಕೂತು ನೋಡಿ, ಮಕ್ಕಳನ್ನು ನೀರಿಗೆ ಬಿಡಬೇಡಿ. ಹತ್ತಿದವರು ಇಳಿಯುವಾಗ ಅಂಬಿಗನ ಕೈಗೆ ನೀವಾಗಿಯೇ ಕೂಲಿ ಕೊಡಿ. 'ನೋಡಾಕ ಬಂದವ್ರತ್ರ ಏನ್ ಕೇಳೂದ್ರೀ' ಎಂದು ಆತ ಬೇಡ ಅನ್ನುತ್ತಾನೆ, ಆದರೂ ಕೊಡಿ.